ಮದ್ದು ತುಂಬಿಟ್ಟವರು ಯಾರು?

ಬೀದರಿನ ಮಹಮೂದ್ ಗವಾನ್ ಮದರಸಾದ ಎದುರು ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅಲ್ಲಿ ಇಲ್ಲದಿರುವ ಭಾಗ. 1472ರ ಆ ಮೂರಂತಸ್ತಿನ ವಿದ್ಯಾಲಯದ ಮುಂಭಾಗಕ್ಕೆ ಎರಡು ಮಿನಾರುಗಳಿದ್ದವು. ಈಗ ಉಳಿದಿರುವುದು ಒಂದು. ಔರಂಗಜೇಬನ ಕಾಲದಲ್ಲಿ ಮೊಘಲ್ ಸೈನ್ಯ ಮದರಸಾವನ್ನು ಬಿಡಾರ ಮಾಡಿಕೊಂಡು, ಪಾಠದ ಕೋಣೆಗಳಲ್ಲಿ ಮದ್ದು ತುಂಬಿತು. 17ನೇ ಶತಮಾನದ ಕೊನೆಯಲ್ಲಿ ಅದು ಸಿಡಿದು ಇನ್ನೊಂದು ಮಿನಾರು ಮತ್ತು ಮುಂಭಾಗದ ಬಹುಪಾಲು ನೆಲ ಕಚ್ಚಿದವು. ಸಿಡಿಲು ಬಡಿದು ಹೊತ್ತಿಕೊಂಡಿತು ಎನ್ನುತ್ತಾರೆ. ಇರಬಹುದು. ಸಿಡಿಲು ಆಕಾಶದಿಂದ ಬಂತು; ಮದ್ದು ಎಲ್ಲಿಂದ ಬಂತು? ಅದನ್ನು ತಂದಿಟ್ಟವರು ಓಣಿಯ ಜನರಲ್ಲ, ಆಳುತ್ತಿದ್ದವರು.

ಆದರೆ ಸ್ಮಾರಕದ ರಕ್ಷಣೆ ಎಂದ ಕೂಡಲೇ ನಮ್ಮ ಇಲಾಖೆಗಳ ಕಣ್ಣು ಮೊದಲು ಹೋಗುವುದು ಓಣಿಯ ಮೇಲೆಯೇ. 2010ರ ಕಾನೂನು ತಿದ್ದುಪಡಿ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವೆಂದಿತು, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದಿತು. ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಗುಮ್ಮಟಗಳ ನೆತ್ತಿಗೆ ತಾಗುವಂತೆ ಕಾಂಪ್ಲೆಕ್ಸುಗಳು ಎದ್ದು ನಿಲ್ಲುತ್ತಿದ್ದವು. ಆದರೆ ಸೋರುವ ಮಾಡು ರಿಪೇರಿ ಮಾಡಿಸಲು ಬಡವನೊಬ್ಬ ಅರ್ಜಿ ಹಿಡಿದು ಅಲೆಯುವಾಗ, ಸ್ಮಾರಕದ ಮಾಡಿನ ಮೇಲೆ ಬೇರುಬಿಟ್ಟ ಅರಳಿ ಗಿಡಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ!

ಅಪಾಯವನ್ನು ಟೇಪು ಹಿಡಿದು ಅಳೆಯಲಾಗದು. ಅದು ಮಾಡಿನ ಸಂದಿಯಿಂದ ನೀರಾಗಿ ಇಳಿಯುತ್ತದೆ, ಸುಣ್ಣದ ಗಾರೆಯನ್ನು ವರ್ಷವರ್ಷಕ್ಕೂ ಸಡಿಲಿಸುತ್ತದೆ. ಬಿರುಕಿಗೆ ಅವಸರದಲ್ಲಿ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಪಕ್ಕದ ಕಲ್ಲನ್ನೇ ತಿನ್ನುತ್ತದೆ. ಮದರಸಾದ ಮೈಮೇಲೆ ಅಳಿದುಳಿದ ಬಣ್ಣದ ಹೆಂಚಿನ ಬಿಲ್ಲೆಗಳು ಒಮ್ಮೆ ಕಳಚಿಬಿದ್ದರೆ ಮತ್ತೆ ಹಚ್ಚಲು ಅವನ್ನು ಮಾಡಿದ ಕೈಗಳಿಲ್ಲ. ಸಿಡಿಲಿನ ವಿಷಯಕ್ಕೆ ಬಂದರೆ ಅಷ್ಟೂರಿಗೇ ಹೋಗಿ ನೋಡಬಹುದು: ಬಹಮನಿ ದೊರೆ ಹುಮಾಯೂನನ ಗೋರಿಯ ಗುಮ್ಮಟ ಅರ್ಧ ಸೀಳಿ ಬಾಯ್ದೆರೆದು ನಿಂತಿದೆ. ಅದೂ ಸಿಡಿಲಿನ ಕೆಲಸವೇ ಎಂದು ಅಲ್ಲಿಯವರು ಹೇಳುತ್ತಾರೆ. (ದೊರೆಯ ಕ್ರೌರ್ಯಕ್ಕೆ ಸಿಕ್ಕ ಶಿಕ್ಷೆ ಎಂದು ಸೇರಿಸುವವರೂ ಇದ್ದಾರೆ. ಹಾಗಾದರೆ ಮದರಸಾ ಮಾಡಿದ ಪಾಪವೇನು?)

ನಾವು ಕೇಳುವುದು ದೊಡ್ಡದೇನಲ್ಲ. ಯಾವ ಬಿರುಕು ಕಳೆದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ? ಮಿಂಚುಬಂಧಕವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಮಳೆಗಾಲಕ್ಕೆ ಮುಂಚೆ ಮಾಡಿನ ತೂಬುಗಳನ್ನು ಬಿಡಿಸಿದವರಾರು? ರಾತ್ರಿ ಗೋಡೆ ಕುಸಿದರೆ ಓಣಿಯವರು ಯಾರಿಗೆ ಫೋನು ಮಾಡಬೇಕು? ದಂಡದ ಮೊತ್ತ ಬರೆದ ಫಲಕದಲ್ಲೇ ಇದಕ್ಕೂ ನಾಲ್ಕು ಸಾಲಿನ ಜಾಗವಿದೆ. ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಲಿ. ಕುಸಿಯುವ ಸದ್ದು ಮೊದಲು ಕೇಳುವುದು ಆ 100 ಮೀಟರಿನೊಳಗೆ ಮಲಗಿದವರಿಗೇ.