ಹಗ್ಗ ಎಳೆದವರು ಯಾರು?

“ಇಂಗ್ಲಿಷರು ಹಡಗುಗಳಲ್ಲಿ ಬಂದರು” ಎಂಬ ವಾಕ್ಯವನ್ನು ನಾವೆಲ್ಲರೂ ಪ್ರೌಢಶಾಲೆಯಿಂದಲೂ ಬರೆಯುತ್ತ ಬಂದಿದ್ದೇವೆ. ಆ ಹಡಗುಗಳ ಹಗ್ಗ ಎಳೆದವರು ಯಾರೆಂದು ಯಾವ ಪ್ರಶ್ನೆಪತ್ರಿಕೆಯೂ ನನ್ನನ್ನು ಕೇಳಿಲ್ಲ. ಕೇಳಬೇಕಾಗಿತ್ತು ಎಂಬುದು ನನ್ನ ವಾದ.

ಈ ವಾದ ಹುಟ್ಟಿದ್ದು ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಕೋಣೆಯಲ್ಲಿ. ಅಂದು ಭಾನುವಾರ, ಶ್ರೀರಂಗಪಟ್ಟಣಕ್ಕೆ ಹೋಗಿ ಕರ್ನಲ್ ಬೇಲಿಯ ಬಂದೀಖಾನೆಯನ್ನು ನೋಡಿ ಬಂದಿದ್ದೆವು. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಸೆರೆ ಸಿಕ್ಕಿದ ಬೇಲಿಯು 1782ರಲ್ಲಿ ಪಟ್ಟಣದಲ್ಲಿಯೇ ತೀರಿಕೊಂಡನು. ಕಟ್ಟಡಕ್ಕೆ ಅವನ ಹೆಸರು ಉಳಿಯಿತು. ಅದೇ ವರ್ಷ ಹೈದರಾಲಿಯ ಸೆರೆಗೆ ಬಿದ್ದ ನಾವಿಕ ಹುಡುಗರ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅವರಲ್ಲೊಬ್ಬನು ಜೇಮ್ಸ್ ಸ್ಕರಿ. ಹದಿನಾರರ ಆಸುಪಾಸಿನ ಹುಡುಗ. ಅವನಿದ್ದ ‘ಹ್ಯಾನಿಬಲ್’ ಎಂಬ ಯುದ್ಧದ ಹಡಗನ್ನು 1782ರ ಜನವರಿಯಲ್ಲಿ ಫ್ರೆಂಚರು ಹಿಡಿದರು. ಅವರ ನೌಕಾಧಿಪತಿ ಸಫ್ರೆನ್ ಸೆರೆಯಾಳುಗಳನ್ನು ತನ್ನ ಮಿತ್ರನಾದ ಹೈದರನಿಗೆ ಒಪ್ಪಿಸಿಬಿಟ್ಟನು. ಹುಡುಗರನ್ನು ಬಲವಂತದಿಂದ ಮತಾಂತರಿಸಿ ಚೇಲಾ ದಳಕ್ಕೆ ಸೇರಿಸಿದರು. ಸುಮಾರು ಹತ್ತು ವರ್ಷಗಳ ಮೇಲೆ ಸ್ಕರಿಯು, ಇಲ್ಲಿ ಮದುವೆಯಾಗಿದ್ದ ಹೆಂಡತಿಯನ್ನು ಬಿಟ್ಟು, ತಪ್ಪಿಸಿಕೊಂಡನು. ಆ ವೇಳೆಗೆ ಕುರ್ಚಿಯಲ್ಲಿ ಕೂರುವುದೂ ಫೋರ್ಕು ಹಿಡಿಯುವುದೂ ಅವನಿಗೆ ಮರೆತುಹೋಗಿತ್ತಂತೆ. ಇಂಗ್ಲಿಷ್ ಮಾತೇ ತಡವರಿಸುತ್ತಿತ್ತಂತೆ. ಅವನ ಕಥನ 1824ರಲ್ಲಿ ಅಚ್ಚಾಯಿತು. ಹೆಂಡತಿಯ ಕಥೆ ಅಚ್ಚಾಗಲಿಲ್ಲ.

“ದೋಚಲು ಬಂದವರಿಗಾಗಿ ನಾವೇಕಯ್ಯ ಕಣ್ಣೀರಿಡಬೇಕು?” ಎಂದು ನನ್ನ ಗೆಳೆಯನು ಸಿಡುಕಿದನು. ಮಾತಿನಲ್ಲಿ ಸತ್ಯವಿದೆ. ಕಣ್ಣೀರು ಬೇಡ, ಲೆಕ್ಕ ನೋಡೋಣ ಎಂದೆ. 1653ರಲ್ಲಿ ಇಂಗ್ಲೆಂಡಿನ ನೌಕಾಪಡೆಯ ನುರಿತ ನಾವಿಕನಿಗೆ ತಿಂಗಳಿಗೆ 24 ಷಿಲಿಂಗು ಗೊತ್ತಾಯಿತು. 1797ರಲ್ಲಿಯೂ ಅದೇ 24 ಷಿಲಿಂಗು! ಆ 144 ವರ್ಷಗಳಲ್ಲಿ ಕಂಪೆನಿಯು ಬಂಗಾಳವನ್ನೇ ನುಂಗಿತ್ತು. ಯುದ್ಧ ಬಂದರೆ ಬಂದರಿನ ಬೀದಿಗಳಲ್ಲಿ ಸಿಕ್ಕಿದವರನ್ನು ಹಿಡಿದು ಹಡಗಿಗೆ ನೂಕುತ್ತಿದ್ದರು. ಮಲಗುವ ತೂಗುಹಾಸಿಗೆಗೆ 14 ಅಂಗುಲದ ಜಾಗ. ಊಟಕ್ಕೆ ಹುಳು ಹಿಡಿದ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ. ಒಸಡು ಕೊಳೆತು ಸಾಯುವ ಸ್ಕರ್ವಿ ರೋಗಕ್ಕೆ ನಿಂಬೆಯ ರಸವೇ ಮದ್ದೆಂದು 1601ರಲ್ಲಿ ಹೊರಟ ಕಂಪೆನಿಯ ಮೊದಲ ಯಾತ್ರೆಯಲ್ಲಿಯೇ ಕಂಡಿತ್ತು. ನೌಕಾಪಡೆಯು ಅದನ್ನು ವಾಡಿಕೆಯಾಗಿ ಕೊಡಲು ತೊಡಗಿದ್ದು 1795ರಿಂದ. ನಮ್ಮ ಮದುವೆ ಮನೆಗಳಲ್ಲಿ ಬಂದವರಿಗೆಲ್ಲ ಕೈಗೊಂದು ಕೊಡುವ ನಿಂಬೆಹಣ್ಣಿಗಾಗಿ ಆ ಜನ ಎರಡು ಶತಮಾನ ಕಾದರು. ಕಡೆಗೆ 1797ರಲ್ಲಿ ಸ್ಪಿಟ್‌ಹೆಡ್ಡಿನಲ್ಲಿ ಲಂಗರು ಎತ್ತುವುದಿಲ್ಲವೆಂದು ಮುಷ್ಕರ ಹೂಡಿದ ಮೇಲೆ ಸಂಬಳ ಏರಿತು.

ನನ್ನ ತಂದೆ ಮಂಡಿಯಲ್ಲಿ ಮೂಟೆ ಹೊರುವವರು. ಮೂಟೆಯ ಮೇಲೆ ಸಾಹುಕಾರರ ಗುರುತಿರುತ್ತದೆ, ಹೊತ್ತವರದು ಇರುವುದಿಲ್ಲ. ಆದ್ದರಿಂದಲೇ ಏನೋ, ಸ್ಕರಿಯ ವಿಷಯವನ್ನು ಓದಿದಾಗ ಅವನು ನನಗೆ ಪರದೇಶಿಯಾಗಿ ತೋರಲಿಲ್ಲ. ಗೆಳೆಯನು ಇನ್ನೂ ಒಪ್ಪಿಲ್ಲ. ಒಪ್ಪದಿರಲಿ.

ಮುಂದಿನ ವರ್ಷ ಇತಿಹಾಸ ಸಂಘದವರು ಪಟ್ಟಣಕ್ಕೆ ಪ್ರವಾಸ ಹೊರಟರೆ, ಬೇಲಿಯ ಬಂದೀಖಾನೆಯ ಮುಂದೆ ಈ ಹುಡುಗರ ವಿಷಯ ಹೇಳಲು ನನಗೆ ಐದು ನಿಮಿಷ ಕೊಡಬೇಕೆಂದು ಅಧ್ಯಾಪಕರಲ್ಲಿ ಅರಿಕೆ. ಬಸ್ಸಿನ ಚಾರ್ಜು ನಾನೇ ಕೊಟ್ಟುಕೊಳ್ಳುತ್ತೇನೆ.