ಬಿಚ್ಚಿದ್ದಾಯ್ತು, ಜೋಡಿಸೋದು ಯಾವಾಗ?

ಬಸ್ ಸ್ಟ್ಯಾಂಡಿಗೆ ಹೋಗುವ ಯಾವ ಅಡ್ಡರಸ್ತೆಯಲ್ಲಾದರೂ ನೋಡಿ, ಬಾನೆಟ್ ಇಲ್ಲದ ಒಂದು ಅಂಬಾಸಿಡರೋ ಪದ್ಮಿನಿಯೋ ಇಟ್ಟಿಗೆ ಮೇಲೆ ನಿಂತಿರುತ್ತದೆ. ಚಕ್ರ ಇಲ್ಲ, ಎಂಜಿನ್ನೂ ಇಲ್ಲ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. ಮಾಲೀಕರನ್ನು ಕೇಳಿದರೆ ಒಂದೇ ಮಾತು: "ಎಂಜಿನ್ ಕೆಲಸ ನಡೀತಾ ಇದೆ ಸ್ವಾಮಿ."

ಕೆಲಸ ಏನೂ ನಡೀತಾ ಇಲ್ಲ. ಹುರುಪು ಆರಿ ಎಷ್ಟೋ ದಿನವಾಯಿತು.

ಬಿಚ್ಚುವಾಗಿನ ಖುಷಿಯೇ ಬೇರೆ. ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದರೆ ಸಂಜೆಯೊಳಗೆ ಹೆಡ್ ಕೆಳಗಿಳಿದಿರುತ್ತದೆ. ನೋಡಲು ನಾಲ್ಕು ಜನ ಸೇರುತ್ತಾರೆ, ಒಳಗಿನಿಂದ ಕಾಫಿಯೂ ಬರುತ್ತದೆ. ಕಷ್ಟ ಶುರುವಾಗುವುದು ಬ್ಲಾಕ್ ಲೇತ್ ಶಾಪಿಗೆ ಹೋದ ಮೇಲೆ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಬೋರು. ಸವೆದ ಬೋರನ್ನು ಕೊರೆಸಿದರೆ ಅದೇ ಅಳತೆಯ ಓವರ್‌ಸೈಜ್ ಪಿಸ್ಟನ್ನು, ರಿಂಗು ಬೇಕು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದರೆ ಬೇರಿಂಗೂ ಅದಕ್ಕೆ ತಕ್ಕದ್ದೇ ಆಗಬೇಕು. ಉತ್ತರಪಾರಾ ಕಾರ್ಖಾನೆಯಲ್ಲಿ ಈ ಗಾಡಿಯ ತಯಾರಿಕೆ ನಿಂತಿದ್ದು 2014ರಲ್ಲಿ. ಸಾಮಾನು ಹುಡುಕಬೇಕು, ಬರುವವರೆಗೆ ಕಾಯಬೇಕು. ಮನಸ್ಸು ಜಾರುವುದು ಈ ಕಾಯುವ ಹೊತ್ತಿನಲ್ಲೇ. ಅಷ್ಟರಲ್ಲಿ ಮಳೆಗಾಲ ಬಂದು, ದುಡ್ಡು ಕೊಟ್ಟು ಕೊರೆಸಿದ ಬೋರಿಗೆ ತುಕ್ಕು. ಕನೆಕ್ಟಿಂಗ್ ರಾಡಿನ ಕ್ಯಾಪುಗಳು ಒಂದರದು ಇನ್ನೊಂದಕ್ಕೆ ಹೋಗಕೂಡದು. ಗುರುತು ಹಾಕದೆ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದಿರುತ್ತಾರೆ. ಹೊಸದಾಗಿ ಬಂದ ಮೇಸ್ತ್ರಿ ಡಬ್ಬ ನೋಡಿ ಕೈಮುಗಿದು ಎದ್ದುಬಿಡುತ್ತಾರೆ.

ಹಳೇ ಗಾಡಿಯ ಮೋಹ ತಪ್ಪೇನಲ್ಲ. ಕಾಂಪೌಂಡಿನೊಳಗೆ ಹತ್ತು ವರ್ಷ ಬಿಚ್ಚಿಟ್ಟುಕೊಂಡರೂ ಯಾರೂ ಕೇಳರು, ಮನೆಯವರನ್ನು ಬಿಟ್ಟು. ಬೀದಿಯಲ್ಲಿ ನಿಲ್ಲಿಸಿದಾಗ ಮಾತ್ರ ನಷ್ಟ ಕಂಡವರ ತಲೆಗೆ. ಅಂಗಡಿ ಬಾಗಿಲಿಗೆ ಅಡ್ಡ ನಿಂತ ಗಾಡಿಯಿಂದ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾರೆ, ಅಕ್ಕಿ ಮೂಟೆ ಇಳಿಸಲು ಲಾರಿಗೆ ಜಾಗವಿಲ್ಲ. ಬಾಡಿಗೆ ಕಟ್ಟುವವರು ಅಂಗಡಿಯವರು, ಜಾಗ ಕಾರಿಗೆ! ಆರು ಗಂಟೆ ಬಸ್ಸಿಗೆ ಓಡುವ ಹೆಂಗಸರು ಮಕ್ಕಳು ಈ ಗಾಡಿಯನ್ನು ಬಳಸಿಕೊಂಡು ನಡುರಸ್ತೆಗೆ ಇಳಿಯಬೇಕು, ಎದುರಿಗೆ ಆಟೋ.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಬಿಟ್ಟುಹೋದ ವಾಹನವನ್ನು ಪೊಲೀಸರು ಎಳೆಸಿಹಾಕಬಹುದು. ಎಳೆಸಿದ ಖರ್ಚು ಮಾಲೀಕರದೇ. ಹತ್ತು ಗಂಟೆ ಎಲ್ಲಿ, ಬೆಕ್ಕು ಎರಡನೇ ಸಲ ಮರಿ ಹಾಕುವವರೆಗೆ ಬಿಟ್ಟಿರೋದು ಎಲ್ಲಿ?

ಟ್ರಾಫಿಕ್‌ನವರು ಮೊದಲು ಗಾಜಿಗೆ ಒಂದು ವಾರದ ಗಡುವಿನ ಚೀಟಿ ಅಂಟಿಸಲಿ. ಮುಗಿಸುವ ಮನಸ್ಸಿದ್ದವರು ಗಾಡಿಯನ್ನು ಮನೆಯೊಳಗೆ ಎಳಕೊಂಡು ಮುಗಿಸಲಿ. ಆಗದವರು ಹುರುಪಿರುವ ಇನ್ನೊಬ್ಬರಿಗೆ ಕಾಗದಪತ್ರ ಸಮೇತ ಮಾರಲಿ. ಆ ಬೋಲ್ಟಿನ ಡಬ್ಬವನ್ನೂ ಮರೀದೆ ಕೊಡಲಿ.