ಹಾಳೆಗಳ ಸರದಿ

ಸಂಘದ ಲೆಕ್ಕಪತ್ರವನ್ನು ನಾವು ವಹಿಸಿಕೊಂಡು ಹದಿನೈದು ದಿನವೂ ಆಗಿರಲಿಲ್ಲ. ಅಷ್ಟರೊಳಗೆ ಒಂದು ಪ್ರಮಾದ ಮಾಡಿ ಕುಳಿತೆವು. ವಾಚಕರೆದುರು ಒಪ್ಪಿಕೊಂಡರೆ ಭಾರ ಇಳಿದೀತೆಂದು ಬರೆಯುತ್ತಿದ್ದೇವೆ. ಮನೆಯ ಲೆಕ್ಕವನ್ನೋ ಕಾರ್ಖಾನೆಯ ಲೆಕ್ಕವನ್ನೋ ಎಕ್ಸೆಲ್ಲಿನಲ್ಲಿ ಇಡುವವರಿಗೆ ಇದರಿಂದ ಉಪಯೋಗವೂ ಉಂಟು.

ಹಿಂದಿನ ಖಜಾಂಚಿಗಳು ನಮಗೆ ಒಪ್ಪಿಸಿದ್ದು ಒಂದೇ ವರ್ಕ್‌ಬುಕ್ಕು. ಸದಸ್ಯರ ಮೂಲದ ಊರಿಗೊಂದರಂತೆ 40 ಹಾಳೆಗಳು. ಮೊದಲು ಬೀದರ, ಬೆನ್ನಿಗೆ ಧಾರವಾಡ, ಆಮೇಲೆ ಉಡುಪಿ, ತಲೆಬುಡ ತಿಳಿಯಲೊಲ್ಲದು. ಒಂದು ಊರನ್ನು ಹುಡುಕಬೇಕಾದರೆ ಕೆಳಗಿನ ಹೆಸರುಗಳನ್ನು ಆ ತುದಿಯಿಂದ ಈ ತುದಿಗೆ ಎಳೆಯಬೇಕು. ಎಕ್ಸೆಲ್ಲಿನಲ್ಲಿ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುವ ಗುಂಡಿಯಿದೆ. ಹಾಳೆಗಳನ್ನೇ ಜೋಡಿಸುವ ಗುಂಡಿಯಿಲ್ಲ. ಅದಕ್ಕೆ ಮ್ಯಾಕ್ರೊ ಬರೆಯಬೇಕು.

ಬರೆದೆವು. ಆಲ್ಟ್ ಮತ್ತು ಎಫ್ 11 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮ್ಯಾಕ್ರೊ ಬರೆಯುವ ಕಿಟಕಿ ತೆರೆಯುತ್ತದೆ. ಅಲ್ಲಿ ಹೊಸದೊಂದು ಮಾಡ್ಯೂಲು ಸೇರಿಸಿ ಹತ್ತೇ ಸಾಲು. ಕೆಲಸವೇನೋ ಇಸ್ಪೀಟಿನೆಲೆ ಜೋಡಿಸಿದಂತೆ: ಮೊದಲ ಹಾಳೆಯ ಹೆಸರನ್ನು ಮುಂದಿನ ಪ್ರತಿಯೊಂದರ ಜತೆ ಹೋಲಿಸುವುದು, ಚಿಕ್ಕದು ಸಿಕ್ಕರೆ ಅದನ್ನು ಮುಂದಕ್ಕೆ ತರುವುದು, ಮತ್ತೆ ಎರಡನೆಯ ಸ್ಥಾನಕ್ಕೆ ಹೀಗೆಯೇ. 40 ಹಾಳೆಗೆ 780 ಹೋಲಿಕೆ. ನಾವು ಚಹದ ಬಟ್ಟಲನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮುಗಿದಿತ್ತು.

ನೋಡಿದರೆ ಬಸವಕಲ್ಯಾಣಕ್ಕಿಂತ ಬಳ್ಳಾರಿ ಮುಂದೆ! ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳಕಾರ ಹಕಾರದ ಆಚೆಗಿದೆ. ಆದರೆ ಯಂತ್ರಕ್ಕೆ ಅಕ್ಷರವೆಂದರೆ ಬರಿಯ ಸಂಖ್ಯೆ. ಯೂನಿಕೋಡಿನಲ್ಲಿ ಳ 3251, ಸ 3256, ಹ 3257. ನಮ್ಮ ನೆರೆಯ ಮರಾಠಿಯವರ ಳಕಾರಕ್ಕೂ ಇದೇ ಗತಿ. ಹೋಲಿಸುವ ಮೊದಲು 3251 ಬಂದಲ್ಲೆಲ್ಲ 3258 ಎಂದು ಎಣಿಸುವಂತೆ ಒಂದು ಸಾಲು ಸೇರಿಸಿದೆವು. ಆ ಸಂಖ್ಯೆಯಲ್ಲಿ ಯಾವ ಅಕ್ಷರವೂ ಇಲ್ಲ. ಅಕ್ಷರವನ್ನೇ ಬರೆಯಬಾರದೆ ಎಂದೀರಿ. ಮ್ಯಾಕ್ರೊ ಬರೆಯುವ ಕಿಟಕಿಗೆ ಕನ್ನಡ ಬಾರದು, ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳನ್ನು ಉಗುಳುತ್ತದೆ. ಅಂತೂ ಬಳ್ಳಾರಿ ತನ್ನ ಜಾಗಕ್ಕೆ ಹೋಯಿತು. ಕಡತವನ್ನು ಭದ್ರಪಡಿಸಿ, ಮೆಚ್ಚುಗೆ ಬಂದೀತೆಂದು ಹಿಂದಿನ ಖಜಾಂಚಿಗಳಿಗೆ ಕಳುಹಿಸಿದೆವು.

ಸಂಜೆ ಅವರ ದೂರವಾಣಿ ಬಂತು. "ಹಾಳೆಗಳ ಸರದಿ ಏನಾಯಿತು?" ಎಂದರು. ಧ್ವನಿ ಸಣ್ಣದಾಗಿತ್ತು.

ಆ ಸರದಿಯೇ ಚರಿತ್ರೆಯಾಗಿತ್ತಂತೆ. ಚಿಕಲಠಾಣಾದ ಕೈಗಾರಿಕಾ ವಸಾಹತಿಗೆ ಯಾವ ಊರಿನವರು ಮೊದಲು ಬಂದು ಮನೆ ಹೂಡಿದರೋ ಆ ಊರಿನ ಹಾಳೆ ಮೊದಲು. ಬೀದರ ಮುಂದಿರುವುದರಲ್ಲಿ ಆಶ್ಚರ್ಯವಿಲ್ಲ. 1956ರ ನವೆಂಬರ್ 1ರ ತನಕ ಬೀದರವೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವಲ್ಲ! ಆದರೆ ಉಳಿದ 39 ಊರುಗಳ ಸರದಿ ಬೇರೆಲ್ಲೂ ಬರೆದಿರಲಿಲ್ಲ. ಹಾಳೆಗಳ ಸಾಲೇ ಅದರ ದಾಖಲೆ.

ಸಾಮಾನ್ಯವಾಗಿ ತಪ್ಪಿದರೆ ಕಂಟ್ರೋಲ್ ಮತ್ತು ಜೆಡ್ ಒತ್ತಿ ಹಿಂದಿರುಗುತ್ತೇವೆ. ಮ್ಯಾಕ್ರೊ ಸರಿಸಿದ ಹಾಳೆ ಹಾಗೆ ಹಿಂದಿರುಗದು. ಭದ್ರಪಡಿಸದೆ ಮುಚ್ಚಿದ್ದರೆ ಹಳೆಯ ಕ್ರಮ ಉಳಿಯುತ್ತಿತ್ತು. ನಾವೋ ಹಳೆಯದರ ಮೇಲೆಯೇ ಭದ್ರಪಡಿಸಿದ್ದೆವು, ಪ್ರತಿಯನ್ನೂ ಇಟ್ಟಿರಲಿಲ್ಲ.

ಈಗ ನಮ್ಮ ಮ್ಯಾಕ್ರೊ ಮೊದಲು ಮಾಡುವ ಕೆಲಸವೆಂದರೆ, ಇದ್ದ ಕ್ರಮದಲ್ಲಿಯೇ ಹಾಳೆಗಳ ಹೆಸರನ್ನು ಒಂದು ಹೊಸ ಹಾಳೆಯಲ್ಲಿ ಸಂಖ್ಯೆಸಹಿತ ಬರೆದಿಡುವುದು. ಜೋಡಣೆ ಆಮೇಲೆ. ಆ ಪಟ್ಟಿಯನ್ನು ಓದಿ ಹಾಳೆಗಳನ್ನು ಹಳೆಯ ಸ್ಥಾನಕ್ಕೆ ಒಯ್ಯುವ ಇನ್ನೊಂದು ಮ್ಯಾಕ್ರೊವನ್ನೂ ಬರೆದಿದ್ದೇವೆ. ಹುಡುಕುವವರಿಗೆ ಅಕಾರಾದಿ, ಹಿರಿಯರಿಗೆ ಹಳೆಯ ಸರದಿ.

ಪಟ್ಟಿ ತುಂಬಲು ಭಾನುವಾರ ಅವರ ಮನೆಗೇ ಹೋದೆವು. ಅವರು ಕಣ್ಣು ಮುಚ್ಚಿ ಒಂದೊಂದೇ ಊರು ಹೇಳಿದರು, ನಾವು ಬರೆದುಕೊಂಡೆವು. ಹನ್ನೊಂದನೆಯದಕ್ಕೆ ತಡೆದರು: ರಾಯಚೂರೋ ಬಳ್ಳಾರಿಯೋ? ಬಹಳ ಹೊತ್ತು ಯೋಚಿಸಿ ರಾಯಚೂರು ಎಂದರು. ಅಡಿಗೆಮನೆಯಿಂದ ಅವರ ಮನೆಯವರ ದನಿ ಬಂತು: "ಏನ್ರೀ ನೀವು! ರಾಯಚೂರಿನವ್ರು ಬರೋದ್ರಾಗ ಬಳ್ಳಾರಿಯವ್ರ ಮನ್ಯಾಗ ತೊಟ್ಟಿಲಾ ಆಗಿತ್ತಲ್ರೀ. ಗುಗ್ಗರಿ ಹಂಚಿದಾಕಿ ನಾನs."

ರಾಯಚೂರನ್ನು ಹೊಡೆದುಹಾಕಿ ಬಳ್ಳಾರಿ ಎಂದು ಬರೆದೆವು.